ಬಾಳೆಎಲೆಯ ಮೇಲೆ ಮಲಗಿದವಳು

"ಕೋಳಿ ಕುಯ್ದರೆ ಹಿತ್ತಲಿಗೆ ಓಡೋಳು, ಇವಳು ನರ್ಸ್ ಆಗ್ತಾಳಂತೆ!" ಎಂದು ದೊಡ್ಡಪ್ಪ ನಾಲ್ಕು ಜನರ ಮುಂದೆ ನಕ್ಕಿದ್ದ. ಕೊಟ್ರಮ್ಮ ಹಟ ಹಿಡಿದು ಓದಿ ನರ್ಸ್ ಆದಳು. ಚರ್ಮರೋಗದ ವಾರ್ಡಿಗೆ ಯಾರೂ ಒಪ್ಪದಿದ್ದಾಗ ತಾನೇ ಕೇಳಿಕೊಂಡು ಹೋದಳು.

ಆ ವಾರ್ಡಿನ ಕೊನೆಯ ಕೋಣೆಯಲ್ಲಿ ಹಾಲವ್ವ ಎಂಬ ಹೊಸ ಸೊಸೆ ಮಲಗಿದ್ದಳು. ಮೈತುಂಬ ಗುಳ್ಳೆಗಳೆದ್ದು, ಒಡೆದು, ಚರ್ಮ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತಿತ್ತು. ಅಂಟುವ ರೋಗವಲ್ಲ ಅದು. ಬಟ್ಟೆ ಹಸಿಗಾಯಕ್ಕೆ ಕಚ್ಚಿಕೊಳ್ಳುತ್ತದೆಂದು ಅವಳನ್ನು ಎಣ್ಣೆ ಸವರಿದ ಬಾಳೆಎಲೆಯ ಮೇಲೆ ಮಲಗಿಸಿದ್ದರು. ಅವಳು ಉಸಿರಾಡಿದಾಗಲೆಲ್ಲ ಎಲೆ ಸರಸರ ಅನ್ನುತ್ತಿತ್ತು.

ಒಂದು ಮಧ್ಯಾಹ್ನ ಅವಳ ಅತ್ತೆ ಬಂದು ಬಾಗಿಲಲ್ಲೇ ಇಣುಕಿದಳು. ಅವರ ಊರಲ್ಲಿ ಎಲೆಯ ಮೇಲೆ ಮಲಗಿಸುತ್ತಿದ್ದುದು ಹೆಣವನ್ನು ಮಾತ್ರ.

"ಅಯ್ಯೋ, ಹೋಗಿಬಿಟ್ಟಳಲ್ಲೋ!"

ಜೊತೆಗೆ ಬಂದವರೆಲ್ಲ ಗೋಳಾಡಿದರು. ಆ ಮೈ ಮುಟ್ಟಲು ಹೆದರಿ, ಯಾರನ್ನೂ ವಿಚಾರಿಸದೆ, ಅಂಗಳದ ನಲ್ಲಿಯಲ್ಲಿ ತಲೆಗೆ ನೀರು ಸುರಿದುಕೊಂಡು, ತಿರುಗಿ ನೋಡದೆ ಹೊರಟುಹೋದರು.

ಹಾಲವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಂದಿನಿಂದ ಗಂಜಿ ಮುಟ್ಟಲಿಲ್ಲ. ಹೀಗೇ ಉಪವಾಸ ಬಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು.

ಆಯಾ ಹೇಳಿದಳು: "ಅಕ್ಕಾ, ಆ ರೂಮಿಗೆ ನಾ ಒಲ್ಲೆ. ಹೆಣ ಕಣ್ಣು ಮಿಟುಕಿಸ್ತೈತೆ."

ಕೊಟ್ರಮ್ಮ ಗಂಜಿ ಹಿಡಿದು ಒಳಗೆ ಹೋದಳು. ಎಲೆ ಸರಸರ ಎಂದಿತು.

"ಗಂಜಿ ಯಾಕೆ ತಂದಿ?" ಹಾಲವ್ವನ ದನಿ ಎಲ್ಲೋ ದೂರದಿಂದ ಬಂದಂತಿತ್ತು. "ನನ್ನ ಹೆಸರಲ್ಲಿ ತಲೆಗೆ ನೀರು ಹಾಕ್ಕೊಂಡು ಹೋದ್ರಲ್ಲ. ಸತ್ತೋಳಿಗೆ ಹಸಿವೆಲ್ಲಿ?"

ಕೊಟ್ರಮ್ಮನಿಗೆ ಹಿಂದೆ ಹಿತ್ತಲಿಗೆ ಓಡುತ್ತಿದ್ದ ಹಾಗೆ ಈಗಲೂ ಓಡಬೇಕೆನಿಸಿತು. ಓಡಲಿಲ್ಲ. ಬಾಡಿದ ಎಲೆ ಬದಲಿಸಲು ಅವಳ ಬೆನ್ನಡಿ ಕೈ ಹಾಕಿ ಎತ್ತಿದಳು. ಕೈಗವಸಿಗೆ ಚರ್ಮ ಅಂಟಿಕೊಂಡು ಬಂತು.

"ಯವ್ವಾ! ಮೆಲ್ಲಗೆ! ಕೈಯೋ ಒನಕೆಯೋ ನಿಂದು?"

"ಹೆಣಕ್ಕೆ ಇಷ್ಟು ಸಿಟ್ಟು ಬರ್ತೈತೇನೆ?"

ಕೊಟ್ರಮ್ಮ ಹೊಸ ಎಲೆ ಹಾಸಿ ಅವಳನ್ನು ಮಲಗಿಸಿದಳು. ಹಾಲವ್ವ, "ಇನ್ನೊಂದು ಸಲ ಮುಟ್ಟಕ್ಕಾ" ಎಂದಳು. ಕೊಟ್ರಮ್ಮ ಅವಳ ನೆತ್ತಿಯ ಮೇಲೆ ಕೈಯಿಟ್ಟಳು. ಆಮೇಲೆ ಹಾಲವ್ವ ಗಂಜಿಗೆ ಬಾಯಿ ತೆರೆದಳು.

ಕೆಲವು ವಾರಗಳಲ್ಲಿ ಹಾಲವ್ವ ವಾಸಿಯಾಗಿ, ತನ್ನ ಕಾಲ ಮೇಲೆ ನಡೆದು ಊರಿಗೆ ಹೋದಳು. ಬಾಗಿಲು ತೆಗೆದ ಅತ್ತೆ ಮೊದಲು ನೋಡಿದ್ದು, ಸೊಸೆಯ ನೆರಳು ನೆಲಕ್ಕೆ ಬೀಳುತ್ತಿದೆಯೋ ಇಲ್ಲವೋ ಎಂದು.

ಇಂದು ಕೊಟ್ರಮ್ಮನಿಗೆ ಸ್ವಂತ ಮನೆಯಿದೆ. ಹಿತ್ತಲ ತುಂಬ ಬಾಳೆಗಿಡಗಳಿವೆ. ಎಲೆಯೆಲ್ಲ ವಾರ್ಡಿಗೇ ಹೋಗುತ್ತದೆ. ಇದಕ್ಕಾಗಿ ಕಳೆದುಕೊಂಡದ್ದೂ ಇದೆ. ಅಂಥ ಮೈ ಮುಟ್ಟುವವಳೆಂದು ದೊಡ್ಡಪ್ಪನ ಮನೆಯವರು ಅವಳು ಕೊಟ್ಟ ನೀರು ಕುಡಿಯುವುದಿಲ್ಲ. ಮದುವೆಯ ಊಟಕ್ಕೆ ಕೂತರೆ ಮುಂದಿನ ಎಲೆ ಹಾಲವ್ವನ ಎಲೆಯ ಹಾಗೆ ಸರಸರ ಅನ್ನುತ್ತದೆ. ಅವಳು ಎದ್ದು ತಟ್ಟೆ ಕೇಳುತ್ತಾಳೆ.

ನೀತಿ: ಚರ್ಮ ಸುಲಿದು ನರಳುವವರಿಗೆ ಮದ್ದಿನಷ್ಟೇ ಮುಟ್ಟುವ ಕೈಯೂ ಬೇಕು. ಹೆದರಿಕೆ ಎಲ್ಲರಿಗೂ ಆಗುತ್ತದೆ. ಹೆದರಿಕೊಂಡೇ ಹತ್ತಿರ ಹೋದವರು ಜೀವ ಉಳಿಸುತ್ತಾರೆ.