ಅಡಿವೆಯ್ಯನ ಎಡಗೈ

ಲಕ್ವಾ ಹೊಡೆದ ಮೇಲೆ ಅಡಿವೆಯ್ಯನ ಸೊಟ್ಟ ಬಾಯಿ ನೆಟ್ಟಗಾಯಿತು, ಕಾಲೂ ನೆಲ ಹಿಡಿಯಿತು. ಎಡಗೈ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಸಿಟ್ಟು ಅವನಿಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ. ಲಕ್ವಾ ಅದೊಂದನ್ನು ಮುಟ್ಟಿರಲಿಲ್ಲ.

ಅವನಿದ್ದ ಹೊಳೆದಂಡೆಯ ಮಠದಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ, ನೋಟ ನೆಟ್ಟು ಕೂರುತ್ತಾರೆ. ಆ ಪೂಜೆಯಾಗದೆ ಯಾರೂ ಉಣ್ಣುವುದಿಲ್ಲ. ಅಡಿವೆಯ್ಯನ ಪೂಜೆಯನ್ನು ಈಗ ಮಠದ ಗುರುಗಳೇ ಮಾಡುತ್ತಿದ್ದರು. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಇನ್ನೊಬ್ಬರು ಮಾಡಿದ ಪೂಜೆಯ ಅನ್ನ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಬಲಗೈಯಾಗ ಹಿಡೀರಿ. ಶಿವ ಬ್ಯಾಡ ಅಂತಾನೇನು?” ಎಂದ ಜೊತೆಯ ಸಾಧಕನೊಬ್ಬ.

“ನಿನ್ನ ಶಾಣ್ಯಾತನ ಹೊಳ್ಯಾಗ ಒಗಿ,” ಎಂದು ಅಡಿವೆಯ್ಯ ಉರಿದುಬಿದ್ದ.

ಲಿಂಗ ಜಾರೀತೆಂಬ ಭಯಕ್ಕೆ ವಿಭೂತಿ ಗಟ್ಟಿಯನ್ನಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದ. ಹಲ್ಲು ಕಚ್ಚಿ ಎತ್ತಿದರೆ ಭುಜ ಕಿವಿಗೆ ಹತ್ತುತ್ತಿತ್ತು, ಮೈ ಬಲಕ್ಕೆ ವಾಲುತ್ತಿತ್ತು, ಮೊಣಕೈ ಮಡಚಿಕೊಂಡು ಕೈ ಎದೆಯ ಮಟ್ಟಕ್ಕೆ ಬರುತ್ತಿತ್ತು. ಆದರೆ ಕೈ ಏರಿದಷ್ಟೂ ಬೆರಳು ಮುಚ್ಚಿ, ವಿಭೂತಿ ಮುಷ್ಟಿಯಲ್ಲೇ ಪುಡಿಯಾಗುತ್ತಿತ್ತು.

ಒಂದು ಮುಂಜಾನೆ ಅಜ್ಜಾರು ನಿಂತು ನೋಡಿದರು.

“ಏನ್ ಎತ್ತಿದಿ?”

“ಕೈ, ಅಜ್ಜಾರ.”

“ಸುಳ್ಳ ಹೇಳಬ್ಯಾಡ. ಭುಜ ಎತ್ತಿದಿ.”

ಅವನನ್ನು ಕಂಬಕ್ಕೆ ಬೆನ್ನು ಹಚ್ಚಿ ಕೂರಿಸಿ, ಎಡ ಭುಜದ ಮೇಲೆ ತಮ್ಮ ಅಂಗೈ ಊರಿದರು. “ಈಗ ಎತ್ತು.”

ಕೈ ತೊಡೆ ಬಿಟ್ಟು ಏಳಲಿಲ್ಲ. ಭುಜ ಮಾತ್ರ ಅಜ್ಜಾರ ಅಂಗೈಯ ಕೆಳಗೆ ಗುದ್ದಾಡಿತು.

“ನಿನ್ನೆ ಎದೀ ಮಟಾ ಬಂದಿತ್ತು. ನೀವು ಬಂದು ತೊಡೀ ಮ್ಯಾಲೆ ಕೆಡವಿದ್ರಿ. ನಿಮಗ ಲಕ್ವಾ ಹೊಡದಿದ್ರ ಗೊತ್ತಾಗತಿತ್ತು.”

ಗುರುವಿಗೆ ಆಡುವ ಮಾತಲ್ಲ ಅದು. ಆಡಿದ್ದಕ್ಕೆ ಅವನಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಅಜ್ಜಾರಿಗೂ ಸಿಟ್ಟು ಬಂತು. “ಕುತ್ತಿಗಿ, ಭುಜ ಎಲ್ಲಾ ಕೂಡಿ ಕೈ ಮಾಡೋ ಕೆಲಸ ಮಾಡಿಕೊಟ್ರ, ಕೈ ಯಾಕ ಎಚ್ಚರಾಗತದ? ಎತ್ತು.”

ದಿನಾ ಇದೇ ಆಯಿತು. ಅಜ್ಜಾರು ಅಂಗೈ ತೆಗೆಯಲಿಲ್ಲ, ಅಡಿವೆಯ್ಯ ಬೈಯುವುದು ಬಿಡಲಿಲ್ಲ. ಮಠದವರು ಕೇಳಿಯೂ ಕೇಳದವರಂತೆ ಓಡಾಡಿದರು.

ಮಳೆಗಾಲ ಕಳೆದ ಮೇಲೊಂದು ದಿನ ಭುಜ ಸುಮ್ಮನಿತ್ತು. ತೋಳಿನ ಮೇಲೆ ಸತ್ತಂತೆ ಬಿದ್ದಿದ್ದ ಸ್ನಾಯು ಅದುರಿತು. ಕೈ ತೊಡೆಯಿಂದ ಗೇಣುದ್ದ ಎದ್ದು ನಿಂತಿತು. ಬೆರಳು ಮುಚ್ಚಲಿಲ್ಲ, ವಿಭೂತಿ ಇಟ್ಟಲ್ಲೇ ಇತ್ತು.

ಅಜ್ಜಾರು ಅದನ್ನು ತೆಗೆದು, ಆ ಅಂಗೈಯಲ್ಲಿ ಅವನ ಲಿಂಗವನ್ನಿಟ್ಟರು.

ಅಡಿವೆಯ್ಯ ಎದುರಿನ ಗೋಡೆಯನ್ನು ದುರುಗುಟ್ಟಿ ನೋಡುತ್ತ ಕಾದ. ಕೈ ಅಲ್ಲಿಂದ ಮೇಲೆ ಬರಲಿಲ್ಲ.

“ಇಷ್ಟ ದಿನ ಸತ್ತು ಸುಣ್ಣಾಗಿದ್ದು ಇಷ್ಟಕ್ಕ ಏನ್ರಿ?” ಅವನ ದನಿ ಸಿಟ್ಟಿಗೆ ಒಡೆಯಿತು. “ಕಣ್ಣಿನ ಮಟಾ ಎಲ್ಲಿ ಬಂತು?”

“ಲಕ್ವಾ ಹೊಡದದ್ದು ಕೈಗೆ,” ಎಂದರು ಅಜ್ಜಾರು. “ಕಣ್ಣಿಗೇನ್ ಧಾಡಿ? ನೋಟ ಇಳಸು.”