ಬಾಗಿಲಿಗೆ ಕಟ್ಟಿದ ಕಂಬಳಿ

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಮಂಗಳವಾರ. ನಮ್ಮ ಬಾಳವ್ವಕ್ಕನ ಮಣ್ಣು ಮುಗಿದು ಮೂರನೆಯ ದಿನ ಅದು. ನನಗಾಗ ಹದಿಮೂರು. ಪುಸ್ತಕಗಳನ್ನು ಕಟ್ಟೆಯ ಮೇಲಿಟ್ಟು ನಡೆದೆ, ಮತ್ತೆ ಮುಟ್ಟಲಿಲ್ಲ. ಅಕ್ಕ ಯಾವ ಊರಲ್ಲಿ ತೀರಿಕೊಂಡಳು ಎಂದು ಕೇಳಿದರೆ ನಮ್ಮ ಮನೆಯವರಿಗೆ ಇಂದಿಗೂ ಹೇಳಲು ಬರುವುದಿಲ್ಲ. ಹೋಬಳಿಯವರು ತಾಲೂಕಿಗೆ ಒಯ್ಯಿರಿ ಎಂದರು. ತಾಲೂಕಿನವರು ಜಿಲ್ಲೆಗೆ ಒಯ್ಯಿರಿ ಎಂದರು. ಜೀಪು ಜಿಲ್ಲೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಆಮೇಲೆ ಎಷ್ಟೋ ಊರು ತಿರುಗಿದೆ. ಇಟ್ಟಿಗೆ ಹೊತ್ತೆ, ಲಾರಿ ತೊಳೆದೆ, ಎಲ್ಲೂ ವರ್ಷ ತುಂಬಿಸಲಿಲ್ಲ. ನಿರ್ವಾಣಯ್ಯನವರ ಮಠದಲ್ಲಿ ದನ ನೋಡಿಕೊಂಡು ನಾಲ್ಕು ತಿಂಗಳು ಇದ್ದೆ. ಒಂದು ಬೆಳಗ್ಗೆ ಅವರು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ.

"ಅಜ್ಜಾರೇ, ಹೋಬಳಿಗೊಂದು ಆಸ್ಪತ್ರೆ ಇದೆ, ತಾಲೂಕಿಗೊಂದಿದೆ, ಜಿಲ್ಲೆಗೊಂದಿದೆ. ಎಲ್ಲದರಲ್ಲೂ ಡಾಕ್ಟರಿದ್ದಾರೆ. ಆದರೂ ಮನುಷ್ಯ ರಸ್ತೆಯ ಮೇಲೆ ಸಾಯುವುದೇಕೆ? ತಪ್ಪು ಯಾರದು?"

"ಯಾರಿಗಾದರೂ ಹೊಡೆಯಬೇಕೆಂದಿದ್ದೀಯೇನು, ತಮ್ಮಾ?"

"ಹೆಸರು ಗೊತ್ತಾದರೆ ಸಾಕು."

ಅವರು ಮೊರ ಕೆಳಗಿಟ್ಟು ಈ ಕತೆ ಹೇಳಿದರು.

ಒಬ್ಬ ಅರಸನಿದ್ದ. ಒಳ್ಳೆಯವನು. ಪ್ರಜೆಗಳು ರೋಗದಿಂದ ಸಾಯಬಾರದೆಂದು ರಾಜ್ಯದ ತುಂಬ ಆರೈಕೆಮನೆಗಳನ್ನು ಕಟ್ಟಿಸಿದ. ಊರಿಗೊಂದು ಚಿಕ್ಕ ಮನೆ, ಹತ್ತು ಊರಿಗೊಂದು ನಡುಮನೆ, ರಾಜಧಾನಿಯಲ್ಲಿ ಒಂದು ದೊಡ್ಡ ಮನೆ. ಪ್ರತಿ ಮನೆಗೂ ಕಲಿತ ವೈದ್ಯನನ್ನಿಟ್ಟ. ಚಿಕ್ಕ ಮನೆಯಲ್ಲಿ ಆಗದ್ದನ್ನು ನಡುಮನೆಗೆ, ಅಲ್ಲಿ ಆಗದ್ದನ್ನು ದೊಡ್ಡ ಮನೆಗೆ ಕಳಿಸುವುದು ಎಂದು ಏರ್ಪಾಡು ಮಾಡಿದ.

ಎಲ್ಲಿ ಕೆಲಸ ಸರಿಯಾಗಿದೆ, ಎಲ್ಲಿ ಇಲ್ಲ ಎಂದು ತಿಳಿಯಬೇಕಲ್ಲ. ಅದಕ್ಕೆ ಒಂದು ಕಟ್ಟಳೆ ಮಾಡಿದ. ಯಾವ ಮನೆಯಲ್ಲಿ ಸಾವಾಗುತ್ತದೋ ಅದರ ಬಾಗಿಲಿಗೆ ಕರಿಯ ಕಂಬಳಿ ಕಟ್ಟಬೇಕು. ಅರಸ ವರ್ಷಕ್ಕೊಮ್ಮೆ ಸವಾರಿ ಬಂದು ನೋಡುವವರೆಗೆ ಅದನ್ನು ಯಾರೂ ಬಿಚ್ಚಬಾರದು. "ಕಂಬಳಿ ಕಂಡಲ್ಲಿ ಇಳಿಯುತ್ತೇನೆ, ಏನು ಕೊರತೆ ಎಂದು ಕೇಳುತ್ತೇನೆ" ಎಂದ.

ಮೊದಲ ವರ್ಷ ಹಾಗೆಯೇ ಇಳಿದ, ಕೇಳಿದ. ಕಂಬಳಿಯಿಲ್ಲದ ಮನೆಗಳ ವೈದ್ಯರಿಗೆ ಶಾಲು ಹೊದಿಸಿದ. ಜನ ಅದನ್ನೆಲ್ಲ ನೋಡಿದರು. ಕಂಬಳಿ ಬಿದ್ದ ಬಾಗಿಲನ್ನು ಯಾರೂ ತುಳಿಯದಾದರು. ಎರಡನೆಯ ವರ್ಷ ಕಂಬಳಿಗಳು ಕಡಿಮೆಯಾದವು. ಮೂರನೆಯ ವರ್ಷ ಒಂದೂ ಇರಲಿಲ್ಲ. ಅರಸ ಊರೂರಿಗೆ ಸಿಹಿ ಹಂಚಿಸಿದ.

ಆ ರಾಜ್ಯದಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಆರೈಕೆಮನೆಗಳಿಗೆ ಕರಿಯ ಕಂಬಳಿ ಕೊಡುತ್ತಿದ್ದವನು ಅವನೇ. ಈಗ ಕೇಳುವವರಿರಲಿಲ್ಲ. ಒಳ್ಳೆಯದೇ ಆಯಿತು, ಸಾವು ನಿಂತಿದೆ ಎಂದುಕೊಂಡು ಕುರಿ ಕಾಯುವವರಿಗೆ ನೇಯ್ದುಕೊಂಡಿದ್ದ.

ನಾಲ್ಕನೆಯ ವರ್ಷ ಒಂದು ದಿನ ಬೆಳಗಾಗುವ ಹೊತ್ತಿಗೆ ಅವನ ಮಗಳಿಗೆ ವಾಂತಿಭೇದಿ ಹತ್ತಿತು. ಬಿಸಿಲು ಅಂಗಳಕ್ಕೆ ಬರುವಷ್ಟರಲ್ಲಿ ಅವಳ ಕಣ್ಣು ಗುಳಿಬಿದ್ದವು. ತಂದೆ ಮಗ್ಗದ ಮೇಲಿದ್ದ ಕಂಬಳಿಯನ್ನು ಕೊಯ್ದು ತೆಗೆದ. ಅದನ್ನು ಬಿದಿರಿಗೆ ಜೋಲಿ ಕಟ್ಟಿ ಮಗಳನ್ನು ಮಲಗಿಸಿದ. ಒಂದು ತುದಿಗೆ ಅವನು ಹೆಗಲು ಕೊಟ್ಟ, ಇನ್ನೊಂದಕ್ಕೆ ಹೆಂಡತಿ.

ಚಿಕ್ಕ ಮನೆಯ ಆಳು ಬಾಗಿಲಲ್ಲೇ ತಡೆದ.

"ನಡೆದು ಬಂದವರಿಗೆ ಈ ಮನೆ. ಹೊತ್ತು ತಂದವರಿಗೆ ಮುಂದಿನ ಮನೆ."

ವೈದ್ಯ ಹೊರಗೆ ಬಂದ. ಎಳೆಯ ವಯಸ್ಸು, ಕೆಟ್ಟವನಲ್ಲ. ಹುಡುಗಿಯ ಕೈಯ ಚರ್ಮವನ್ನು ಚಿವುಟಿ ಬಿಟ್ಟ. ಅದು ಎದ್ದದ್ದು ಎದ್ದೇ ನಿಂತಿತು. ಪಕ್ಕದಲ್ಲಿ ಕೂತು ಉಪ್ಪು ಬೆಲ್ಲದ ನೀರನ್ನು ಗುಟುಕು ಗುಟುಕಾಗಿ, ಬಿಡದೆ ಕುಡಿಸಬೇಕು. ಅವನಿಗೆ ಗೊತ್ತಿತ್ತು. ಹಾಗೆ ಕೂತರೂ ಐವರಲ್ಲಿ ಒಬ್ಬರು ಉಳಿಯುವುದಿಲ್ಲ. ಅದೂ ಗೊತ್ತಿತ್ತು. ಬಾಗಿಲಿಗೆ ಕಂಬಳಿ ಬಿದ್ದರೆ ನಾಳೆಯಿಂದ ಊರಿನ ಜ್ವರದವರು, ಬಸುರಿಯರು ಯಾರೂ ಇತ್ತ ಬರುವುದಿಲ್ಲ, ಅವರ ಗತಿಯೇನು ಎಂದು ಯೋಚಿಸಿದ. ಓಲೆ ಬರೆದ. 'ಇಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಲಾಗಿದೆ. ಹೆಚ್ಚಿನ ಆರೈಕೆಗೆ ಮುಂದಕ್ಕೆ ಒಯ್ಯುವುದು.'

"ಬೇಗ ಬೇಗ ನಡೆಯಿರಿ" ಎಂದ. ಅದೊಂದು ಮಾತ್ರ ಮನಸ್ಸಿನಿಂದ ಬಂದ ಮಾತು.

ನಡುಮನೆ ಮೂರು ಹರಿದಾರಿ ದೂರ. ದಾರಿಯ ಎರಡೂ ಬದಿಗೆ ಹೊಸ ಮಣ್ಣಿನ ಗುಡ್ಡೆಗಳಿದ್ದವು. ಕೆಲವು ಉದ್ದ, ಕೆಲವು ಗಿಡ್ಡ. ತಂದೆ ಮುಂದೆ ನೋಡುತ್ತ ನಡೆದ. ತಾಯಿ ಎಣಿಸಿದಳು. ಹದಿನೇಳಕ್ಕೆ ಎಣಿಸುವುದನ್ನು ಬಿಟ್ಟಳು.

ನಡುಮನೆ ಮುಟ್ಟಿದಾಗ ನಡುಹಗಲು. ಹುಡುಗಿಯ ದನಿ ಹೋಗಿತ್ತು. ಬಿಕ್ಕಳಿಕೆ ಹತ್ತಿತ್ತು. ಅಲ್ಲಿಯ ವೈದ್ಯ ವಯಸ್ಸಾದವನು, ಮೂರು ಶಾಲು ಹೊದ್ದವನು. ಜೋಲಿಯೊಳಗೆ ಒಮ್ಮೆ ಇಣುಕಿ, ತಂದ ಓಲೆಯನ್ನು ಓದದೆಯೇ ಹೊಸ ಓಲೆ ಬರೆಯಲು ಕೂತ.

ತಾಯಿ ಕೇಳಿದಳು. "ದೊಡ್ಡ ಮನೆ ಎಷ್ಟು ದೂರ?"

"ಹೊಳೆ ದಾಟಿದರೆ ಒಂದು ದಿನದ ದಾರಿ."

"ಇವಳಲ್ಲಿ ಒಂದು ದಿನ ಇದೆಯೇ?"

ವೈದ್ಯ ತಲೆ ಎತ್ತಲಿಲ್ಲ. ಬರೆಯುತ್ತಲೇ ಇದ್ದ.

ತಾಯಿ ಬಿದಿರನ್ನು ಇಳಿಸಿದಳು. ಮಗಳನ್ನು ಎತ್ತಿ ಜಗಲಿಯ ಮೇಲೆ ಮಲಗಿಸಿದಳು. ಜೋಲಿ ಬಿಚ್ಚಿದಳು. ಯಾರಿಗೂ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಆ ಕರಿಯ ಕಂಬಳಿಯನ್ನು ನಡುಮನೆಯ ಬಾಗಿಲಿಗೆ ಕಟ್ಟಿಬಿಟ್ಟಳು.

ಆಳು ಓಡಿಬಂದ. "ಏಯ್ ತಾಯೀ, ಹುಚ್ಚು ಹಿಡಿದಿದೆಯೇ ನಿನಗೆ? ಅವಳಲ್ಲಿ ಇನ್ನೂ ಉಸಿರಿದೆ!"

"ನಿಮ್ಮ ಮನೆಯ ಮಟ್ಟಿಗೆ ಇವಳು ಸತ್ತಳು" ಎಂದಳು ತಾಯಿ. ಆಮೇಲೆ ವೈದ್ಯನ ಕಡೆ ತಿರುಗಿದಳು. "ಕಂಬಳಿ ಬಿತ್ತು, ವೈದ್ಯಪ್ಪಾ. ಈ ವರ್ಷದ ಶಾಲು ಹೋಯಿತು. ಇನ್ನು ಹೆದರುವುದಕ್ಕೆ ನಿಮಗೇನೂ ಉಳಿದಿಲ್ಲ. ಈಗಲಾದರೂ ಇವಳಿಗೆ ನೀರು ಕುಡಿಸಿ."

ವೈದ್ಯ ಬಾಗಿಲು ನೋಡಿದ. ಬಿಚ್ಚುವಂತಿರಲಿಲ್ಲ, ಕಟ್ಟಳೆ ಹಾಗಿತ್ತು. ಜಗಲಿ ನೋಡಿದ. ಓಲೆಯನ್ನು ಪಕ್ಕಕ್ಕಿಟ್ಟ.

"ಉಪ್ಪು ತಾರೋ. ಬೆಲ್ಲ ತಾ. ಕುದಿಸಿ ಆರಿಸಿದ ನೀರು ತಾ. ನಿಂತು ನೋಡಬೇಡ!"

ಮೊದಲ ಗುಟುಕು ಹೊರಗೆ ಬಂತು. ಎರಡನೆಯದೂ ಬಂತು. ಮೂರನೆಯದನ್ನು ಅರ್ಧ ಮಾಡಿ ಕೊಟ್ಟ. ಅದು ನಿಂತಿತು. ಅವನು ಅಲ್ಲಿಂದ ಏಳಲಿಲ್ಲ. ಹೊತ್ತು ಇಳಿಯತೊಡಗಿದಾಗ ಬಿಕ್ಕಳಿಕೆ ನಿಂತಿತು. ಅದು ಒಳ್ಳೆಯದಕ್ಕೆ ನಿಂತಿತೋ ಕೆಟ್ಟದ್ದಕ್ಕೆ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ. ತಂದೆ ಮಗಳ ಮೂಗಿನ ಮುಂದೆ ಬೆರಳು ಹಿಡಿದು ಕೂತ. ವೈದ್ಯ ಗುಟುಕು ಹಾಕುತ್ತಲೇ ಇದ್ದ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಅವಳ ಕೈಯ ಚರ್ಮವನ್ನು ಚಿವುಟಿ ಬಿಟ್ಟ. ಅದು ಮೆಲ್ಲಗೆ ಕೂತಿತು.

ಮೂರನೆಯ ದಿನ ಹುಡುಗಿ ಎದ್ದು ಗೋಡೆಗೊರಗಿ ಕೂತಳು. ಗಂಜಿಗೆ ಉಪ್ಪು ಹೆಚ್ಚಾಗಿದೆ ಎಂದು ತಾಯಿಯ ಮೇಲೆ ರೇಗಿದಳು.

ಐದನೆಯ ದಿನ ಅರಸನ ಸವಾರಿ ಬಂತು. ಇಡೀ ರಾಜ್ಯದಲ್ಲಿ ಇದೊಂದೇ ಕಂಬಳಿ. ಮಂತ್ರಿಯ ಮುಖ ಸಣ್ಣದಾಯಿತು. ವೈದ್ಯ ಕೈಮುಗಿದು ನಿಂತ. ಕಂಬಳಿ ಬಿದ್ದ ಮನೆಯಲ್ಲಿ ಉತ್ತರ ಹೇಳಬೇಕಾದವನು ಅವನೇ.

"ಯಾರು ಸತ್ತರು?" ಎಂದ ಅರಸ.

"ಯಾರೂ ಇಲ್ಲ, ಪ್ರಭೂ."

"ಮತ್ತೆ ಈ ಕಂಬಳಿ?"

"ಇದನ್ನು ಕಟ್ಟಿದ ಮೇಲೆಯೇ ನನಗೆ ಮದ್ದು ನೆನಪಾಯಿತು" ಎಂದ ವೈದ್ಯ. ನಡೆದದ್ದನ್ನು ನಡೆದ ಹಾಗೆ ಹೇಳಿದ. ತಾನು ಬರೆಯುತ್ತಿದ್ದ ಓಲೆಯನ್ನೂ ಮುಚ್ಚಿಡದೆ ತೋರಿಸಿದ.

ಅರಸನಿಗೆ ನಂಬಿಕೆ ಬರಲಿಲ್ಲ. "ಹೋದ ವರ್ಷ ಎಲ್ಲೂ ಒಂದು ಕಂಬಳಿ ಇರಲಿಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ."

"ಪ್ರಭುಗಳು ಬಾಗಿಲು ನೋಡಿದಿರಿ" ಎಂದಳು ತಾಯಿ. "ಅವರೆಲ್ಲ ಸತ್ತದ್ದು ದಾರಿಯಲ್ಲಿ. ದಾರಿಗೆ ಬಾಗಿಲು ಎಲ್ಲಿದೆ, ಕಂಬಳಿ ಕಟ್ಟುವುದಕ್ಕೆ?"

ಅರಸ ಬಂದ ದಾರಿಯನ್ನು ತಿರುಗಿ ನೋಡಿದ. ಬದಿಯ ಮಣ್ಣಿನ ಗುಡ್ಡೆಗಳನ್ನು ನೋಡಿದ. ಕುದುರೆಯಿಂದ ಇಳಿದ. ತನ್ನ ಕೈಯಿಂದಲೇ ಕಂಬಳಿಯನ್ನು ಬಿಚ್ಚಿಕೊಂಡ.

ನಿರ್ವಾಣಯ್ಯನವರು ಅಷ್ಟಕ್ಕೆ ನಿಲ್ಲಿಸಿದರು. ಮೊರ ಮತ್ತೆ ಮಡಿಲಿಗೆ ಬಂತು.

"ಬಿಚ್ಚಿ ಏನು ಮಾಡಿದ ಅಜ್ಜಾರೇ? ಸುಟ್ಟನೇ?"

"ಸುಟ್ಟುಬಿಟ್ಟರೆ ಸಾವು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲೋ. ಒಯ್ದು ಬೇರೆ ಬಾಗಿಲಿಗೆ ಕಟ್ಟಿದ."

"ಯಾವ ಬಾಗಿಲಿಗೆ?"

"ಯಾವ ಬಾಗಿಲಿನಿಂದ ಮುಂದಕ್ಕೆ ಕಳಿಸಲು ಇನ್ನೊಂದು ಬಾಗಿಲು ಇಲ್ಲವೋ, ತನ್ನ ಅರಮನೆಯ ಆ ಬಾಗಿಲಿಗೆ."

ಕೇಳಿದ ಹೆಸರು ಸಿಗಲಿಲ್ಲ, ಹೋಗಬೇಕಾದ ಬಾಗಿಲು ಸಿಕ್ಕಿತು. ಎದ್ದು ಹೋಗಿ ದನಗಳಿಗೆ ಮೇವು ಹಾಕಿದೆ. ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದ ಎರಡು ಅಂಗಿಗಳನ್ನು ತೆಗೆದು ಮಡಚಿ, ಪಂಚೆಯಲ್ಲಿಟ್ಟು ಗಂಟು ಕಟ್ಟತೊಡಗಿದೆ.