ಸಣ್ಣ ಟೈರು, ದೊಡ್ಡ ಬಕೆಟ್ಟು

“ಅಜ್ಜಾರ, ಇಬ್ಬರು ಜಗಳಾಡಿಕೊಂಡು ಬಂದಾಗ ಇವನ ಮಾತು ಅರ್ಧ, ಅವನ ಮಾತು ಅರ್ಧ ನಡೆಸಿಕೊಟ್ಟರ ಅದು ನ್ಯಾಯ ಹೌದೋ ಅಲ್ಲೋ?”

ಕೇಳಿದವನು ಮಠದ ಶಿಷ್ಯ ಮಡಿವಾಳಯ್ಯ. ಉತ್ತರ ಅವನಿಗೆ ಗೊತ್ತಿತ್ತು. ಗುರುಗಳ ಬಾಯಿಂದ ಒಮ್ಮೆ ಕೇಳಬೇಕಿತ್ತು, ಅಷ್ಟೇ. ಬೇಸಿಗೆಯ ಮಧ್ಯಾಹ್ನ. ಅವನ ಹೆಗಲ ಮೇಲೆ ಎರಡು ಶಾಲುಗಳಿದ್ದವು. ಒಂದನ್ನು ಗಂಡಿನ ಕಡೆಯವರು ಹೊದಿಸಿದ್ದರು, ಇನ್ನೊಂದನ್ನು ಹೆಣ್ಣಿನ ಕಡೆಯವರು. ಯಾವುದನ್ನು ಮೊದಲು ತೆಗೆದರೂ ಪಕ್ಷಪಾತವಾದೀತೆಂದು ಎರಡನ್ನೂ ಹೊದ್ದುಕೊಂಡೇ ಬಂದಿದ್ದ.

“ಯಾರ ಜಗಳ?” ಎಂದು ಗುರುಗಳು ಕೇಳಿದರು.

ಮಡಿವಾಳಯ್ಯ ಹೇಳತೊಡಗಿದ. ಮುರಿದುಬೀಳಲಿದ್ದ ಒಂದು ಮದುವೆಯ ಮಾತನ್ನು ಅವನು ಬೆಳಗ್ಗೆ ಕೂಡಿಸಿ ಬಂದಿದ್ದ. ಗಂಡಿನ ತಂದೆ ಗುರಪ್ಪನಿಗೆ ಈ ತಿಂಗಳಲ್ಲೇ ಮದುವೆಯಾಗಬೇಕು. ಅವನ ಹೆಂಡತಿಗೆ ಮೊಣಕಾಲು ನೋವು, ಮನೆಯಲ್ಲಿ ಅಡಿಗೆಗೆ ಕೈಯಿಲ್ಲ. ಹೆಣ್ಣಿನ ತಂದೆ ಸಂಗಪ್ಪನಿಗೆ ಮಗಳ ನರ್ಸಿಂಗ್ ಓದು ಮುಗಿಯಬೇಕು. ಇನ್ನೂ ಒಂದು ವರ್ಷವಿದೆ. ಗುರಪ್ಪನ ಅಣ್ಣ ಕಲ್ಲಪ್ಪ ಎದ್ದು ಹೊರಟಿದ್ದ. ಸಂಗಪ್ಪನ ಷಡ್ಡಕ ಈರಣ್ಣ ಚಪ್ಪಲಿ ಹಾಕಿಕೊಂಡಾಗಿತ್ತು. ಗಂಡು ಮಹಾಂತೇಶ ಮಾತ್ರ ಮೊಬೈಲ್ ನೋಡುತ್ತ ಕೂತಿದ್ದ. ಮಡಿವಾಳಯ್ಯನಿಗೆ ಎಲ್ಲವೂ ನೆನಪಿತ್ತು. ಗುರಪ್ಪನ ಬಾಗಿಲಲ್ಲಿ ಕಟ್ಟಿದ ಖಿಲಾರಿ ಹೋರಿಯ ಹೆಸರು ರಾಜಾ ಎಂಬುದನ್ನೂ ಅವನು ಬಿಡಲಿಲ್ಲ.

“ಇಬ್ಬರದೂ ನಡೆಸಿಕೊಟ್ಟೆನ್ರಿ,” ಎಂದ. “ಲಗ್ನ ಗುರಪ್ಪ ಹೇಳಿದಂಗ ಈ ತಿಂಗಳ. ಓದು ಸಂಗಪ್ಪ ಹೇಳಿದಂಗ ಪೂರಾ. ಬೆಳಿಗ್ಗೆ ಅಡಿಗಿ ಮಾಡಿಟ್ಟು ಬಸ್ ಹಿಡೀತಾಳ. ಸಂಜಿಗೆ ಬಂದು ಅಡಿಗಿ ಮಾಡ್ತಾಳ. ನಡುವ ಕಲೀತಾಳ.”

“ನರ್ಸಿಂಗ್ ಕಲಿಯೋರಿಗೆ ರಾತ್ರಿ ಡ್ಯೂಟಿನೂ ಇರ್ತದಂತ?”

“ಇರ್ತದ್ರಿ. ಅದಕ್ಕ ಹುಡುಗಿ ಸ್ವಲ್ಪ ಹೊಂದಿಕೊಂಡು ಹೋಗಬೇಕು ಅಂತ ಹೇಳಿ ಬಂದೀನಿ. ಎಲ್ಲಾರೂ ಒಪ್ಪಿದ್ರು. ನಾಳೆ ನಿಶ್ಚಯ.”

ಗುರುಗಳು ಅವನ ಶಾಲುಗಳನ್ನು ನೋಡಿದರು. ಆಮೇಲೆ ಟ್ರ್ಯಾಕ್ಟರಿನ ಕತೆಯೊಂದನ್ನು ಹೇಳಿದರು. ಅದು ಯಾಕೆಂದು ಮಡಿವಾಳಯ್ಯನಿಗೆ ಹೊಳೆಯಲಿಲ್ಲ. ಆದರೂ ಗುರುಗಳು ಹೊಗಳುವ ಮೊದಲು ಹೀಗೇ ಸುತ್ತಿ ಬರುತ್ತಾರೆ ಎಂದುಕೊಂಡು ಕಾಲು ಮಡಿಚಿ ಕೂತ.

ಒಬ್ಬ ರೈತನಿದ್ದ. ಅವನಿಗೆ ದ್ರಾಕ್ಷಿ ತೋಟವಿತ್ತು. ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಕೊಟ್ಟಿಗೆ ಗೊಬ್ಬರದ ವ್ಯಾಪಾರವಿತ್ತು. ಇಬ್ಬರೂ ಒಂದೇ ಊರಿನವರು. ಒಬ್ಬೊಬ್ಬರಿಗೆ ಒಂದೊಂದು ಟ್ರ್ಯಾಕ್ಟರ್ ಯಾಕೆಂದು ಇಬ್ಬರೂ ಸೇರಿ ಒಂದು ಮಿನಿ ಟ್ರ್ಯಾಕ್ಟರ್ ಕೊಳ್ಳಲು ಹೋದರು. ಮುಂದೆ ಗೊಬ್ಬರ ಎತ್ತಿ ಸುರಿಯಲು ಕಬ್ಬಿಣದ ಬಕೆಟ್ಟಿನ ಲೋಡರ್ ಇರುವಂಥದ್ದು. ಅದರ ಬಣ್ಣದ ಬಗ್ಗೆ ಜಗಳವಾಗಲಿಲ್ಲ. ಮುಂದೆ ಯಾವ ದೇವರ ಹೆಸರು ಬರೆಸಬೇಕೆಂಬುದಕ್ಕೂ ಜಗಳವಾಗಲಿಲ್ಲ. ಟೈರಿಗೂ ಬಕೆಟ್ಟಿಗೂ ಆಯಿತು.

ರೈತ ಸಣ್ಣ ಟೈರು ಬೇಕೆಂದ. ಅವನ ಬಳ್ಳಿಯ ಸಾಲುಗಳ ನಡುವೆ ದಾರಿ ಇಕ್ಕಟ್ಟು. ಎರಡೂ ಬದಿಗೆ ಡ್ರಿಪ್ ಪೈಪು. ಅಗಲದ ಟೈರು ಹೋದರೆ ಪೈಪು ಒಡೆಯುತ್ತದೆ, ಬೇರು ತುಳಿಯುತ್ತದೆ. ವ್ಯಾಪಾರಿ ದೊಡ್ಡ ಬಕೆಟ್ಟು ಬೇಕೆಂದ. ಸಣ್ಣ ಬಕೆಟ್ಟಿನಲ್ಲಿ ಒಂದು ಟೆಂಪೊ ತುಂಬುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಜಗಳ ಬೆಳೆದದ್ದು ಅದಕ್ಕೇ. ಒಬ್ಬನಾದರೂ ಸುಳ್ಳು ಹೇಳಿದ್ದರೆ ಬೇಗ ಮುಗಿಯುತ್ತಿತ್ತು.

“ಅಷ್ಟು ದೊಡ್ಡ ಬಕೆಟ್ ಯಾಕ ಸಾವಕಾರ, ನಿನ್ನ ಹೊಟ್ಟಿ ಇಟ್ಟುಕೊಂಡು ತಿರುಗಾಕೇನು?” ಎಂದ ರೈತ.

“ನಿನಗ ಟೈರ್ ಇಲ್ಲಿ ಯಾಕ? ಮನ್ಯಾಗಿನ ಸೈಕಲ್ಲಿಂದು ಬಿಚ್ಚಿ ಹಾಕು, ರೊಕ್ಕ ಉಳೀತೈತಿ,” ಎಂದ ವ್ಯಾಪಾರಿ.

ಶೋರೂಮಿನವನು ನಡುವೆ ಬಂದ. “ಸಣ್ಣ ಟೈರ್ ಹಾಕೂದಾದ್ರ ಸಣ್ಣ ಬಕೆಟ್ ಹಾಕ್ರಿ. ದೊಡ್ಡ ಬಕೆಟ್ ಬೇಕಾದ್ರ ಅಗಲ ಟೈರ್ ಹಾಕಿ, ಹಿಂದ ಭಾರ ಕಟ್ಟ್ರಿ. ಎತ್ತೂದು ಬಕೆಟ್ ಆದ್ರೂ ಗಾಡಿ ನಿಲ್ಲೂದು ಟೈರಿನ ಮ್ಯಾಲ,” ಎಂದ. ಹಾಗೆಂದು ಒಂದು ಸಲ ಹೇಳಿದ. ಎರಡನೆಯ ಸಲ ಹೇಳಿದರೆ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರೆಂದು ಅವನ ಮಾಲೀಕ ಕಲಿಸಿಕೊಟ್ಟಿದ್ದ.

ಅವನು ಹೇಳಿದ್ದು ಇಬ್ಬರಿಗೂ ರುಚಿಸಲಿಲ್ಲ. ಅವನ ಲೆಕ್ಕದಲ್ಲಿ ಯಾರಾದರೊಬ್ಬ ಸೋಲಬೇಕಿತ್ತು. ಅವರು ಊರಿಗೆ ಮರಳಿ ಒಬ್ಬ ಹಿರಿಯನ ಬಳಿ ಹೋದರು. ಆ ಹಿರಿಯ ಯಾರನ್ನೂ ಸೋಲಿಸಿ ಕಳಿಸಿದವನಲ್ಲ. ಆತ ಇಬ್ಬರ ಮಾತನ್ನೂ ಕೇಳಿದ. ಎಲೆಯಡಿಕೆ ಹಾಕಿಕೊಂಡ. ಆಮೇಲೆ ಹೇಳಿದ:

“ಟೈರ್ ಅವನ ಮಾತಿನಂಗ ಇರಲಿ. ಬಕೆಟ್ ಇವನ ಮಾತಿನಂಗ ಇರಲಿ. ಸಾಲಿನ್ಯಾಗ ಇಳಿಯೂಮುಂದ ಬಕೆಟ್ ಬಿಚ್ಚಿ ಇಟ್ಟರಾತು.”

“ಶೋರೂಮಿನಂವ ಬ್ಯಾರೆ ಹೇಳಿದ್ನಲ್ರಿ?” ಎಂದು ರೈತ ಕೇಳಿದ.

“ಡ್ರೈವರ್ ಸ್ವಲ್ಪ ಹುಷಾರಿಂದ ಹೊಡೀಬೇಕು, ಅಷ್ಟ.”

ಮಡಿವಾಳಯ್ಯ ತಲೆದೂಗಿದ. ಈ ಹಿರಿಯ ಅವನಿಗೆ ಬಹಳ ಹಿಡಿಸಿದ. ಕತೆ ತನ್ನ ಕಡೆಗೇ ಬರುತ್ತಿದೆ ಎಂದು ತಿಳಿದು, ಜಾರುತ್ತಿದ್ದ ಶಾಲುಗಳನ್ನು ಸರಿಮಾಡಿಕೊಂಡ.

ಹೀಗೆ ತೀರ್ಮಾನದಲ್ಲಿ ಮೂರು ಕರಾರುಗಳಾದವು. ಟೈರಿನದು ರೈತನ ಪಾಲಿಗೆ, ಬಕೆಟ್ಟಿನದು ವ್ಯಾಪಾರಿಯ ಪಾಲಿಗೆ. ಮೂರನೆಯದು ಡ್ರೈವರನ ಪಾಲಿಗೆ ಬಂತು. ಡ್ರೈವರ್ ಆಗ ಅಲ್ಲಿರಲಿಲ್ಲ. ಬರಲಿರುವ ಹೊಸ ಟ್ರ್ಯಾಕ್ಟರಿನ ಪೂಜೆಗೆ ಲಿಂಬೆಹಣ್ಣು ತರಲು ಅವನನ್ನು ಪೇಟೆಗೆ ಕಳಿಸಿದ್ದರು.

ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ಗೊಬ್ಬರ ಒಣಗಿತ್ತು, ಹಗುರವಾಗಿತ್ತು. ನೆಲ ಗಟ್ಟಿಯಿತ್ತು. ಸಣ್ಣ ಟೈರು ಸಾಲುಗಳ ನಡುವೆ ಒಂದು ಎಲೆಯನ್ನೂ ಮುಟ್ಟದೆ ಹೋಗಿ ಬಂತು. ದೊಡ್ಡ ಬಕೆಟ್ಟು ಎದ್ದರೆ ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಬೇರೆ ಊರಿನವರು ಬಂದು ಆ ಹಿರಿಯನ ವಿಳಾಸ ಕೇಳಿಕೊಂಡು ಹೋದರು.

ಮೊದಲ ಮಳೆ ಬಿದ್ದಾಗ ಗೊಬ್ಬರ ನೆನೆಯಿತು. ನೆನೆದ ಗೊಬ್ಬರ ಭಾರ. ಬಕೆಟ್ಟು ಮೇಲೆದ್ದಾಗ ತನ್ನ ಸೀಟಿನ ಕೆಳಗೆ ಹಿಂದಿನ ಗಾಲಿ ಹಗುರಾಗುವುದು ಡ್ರೈವರನಿಗೆ ತಿಳಿಯಿತು. ತಿಳಿಯಲು ವಿದ್ಯೆ ಬೇಕಿರಲಿಲ್ಲ, ಅದರ ಮೇಲೆ ಕೂತಿದ್ದರೆ ಸಾಕಿತ್ತು. ಅವನು ಅರ್ಧ ಬಕೆಟ್ಟು ತುಂಬತೊಡಗಿದ.

“ಅರ್ಧ ತುಂಬೂದಕ್ಕ ನಾ ಪೂರಾ ಬಕೆಟ್ ಯಾಕ ತಗೊಂಡೆ? ಟೆಂಪೊದಂವ ನಿಮ್ಮ ಮಾವನೇನು, ಸಂಜಿತನಾ ಕಾಯಾಕ?” ಎಂದ ವ್ಯಾಪಾರಿ.

“ಹಿಂದ ಭಾರ ಕಟ್ಟಸ್ರಿ ಸಾವಕಾರ್ರ, ಪೂರಾ ತುಂಬ್ತೀನಿ.”

ಭಾರದ ಮಾತು ತೀರ್ಮಾನದಲ್ಲಿ ಬಂದಿರಲಿಲ್ಲ. ಹಿಂದಿನದೆಲ್ಲ ಟೈರಿನ ಕಡೆಯ ವಿಷಯ, ರೈತನನ್ನು ಕೇಳು ಎಂದು ವ್ಯಾಪಾರಿ ಹೇಳಿದ. ಬಕೆಟ್ಟು ದೊಡ್ಡದಾದದ್ದಕ್ಕೆ ತಾನೇ ಭಾರ ಬೇಕಾದದ್ದು, ವ್ಯಾಪಾರಿಯನ್ನು ಕೇಳು ಎಂದು ರೈತ ಹೇಳಿದ. ಇಬ್ಬರ ಮಾತಿನಲ್ಲೂ ಅರ್ಥವಿತ್ತು. ಹಾಗಾಗಿ ಭಾರ ಬರಲಿಲ್ಲ. ಹುಷಾರಿಂದ ಹೊಡಿ ಎಂದು ಇಬ್ಬರೂ ಹೇಳಿದರು. ಆ ಒಂದು ವಿಷಯದಲ್ಲಿ ಅವರಿಗೆ ಎಂದೂ ಭಿನ್ನಾಭಿಪ್ರಾಯ ಬಂದಿರಲಿಲ್ಲ.

ಒಂದು ದಿನ ಟೆಂಪೊ ಬದುವಿನ ಪಕ್ಕದಲ್ಲಿ ನಿಂತಿತ್ತು. ವ್ಯಾಪಾರಿ ಎದುರಿಗೇ ನಿಂತಿದ್ದ. ಡ್ರೈವರ್ ಬಕೆಟ್ಟು ಪೂರ್ತಿ ತುಂಬಿ ಟೆಂಪೊದ ಎತ್ತರಕ್ಕೆ ಎತ್ತಿದ. ಒಂದು ಬದಿಯ ಸಣ್ಣ ಟೈರು ಹಸಿ ಮಣ್ಣಿನಲ್ಲಿ ಇಳಿಯಿತು. ಮೇಲಿದ್ದ ಭಾರ ಆ ಕಡೆಗೇ ವಾಲಿತು. ಟ್ರ್ಯಾಕ್ಟರ್ ಮಗುಚುವುದನ್ನು ಕಂಡು ಅವನು ಜಿಗಿದ. ಅರ್ಧ ಹೊರಗೆ ಬಿದ್ದ, ಅರ್ಧ ಕೆಳಗೆ ಸಿಕ್ಕಿಕೊಂಡ.

ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು.

ಮತ್ತೆ ಹಿರಿಯನನ್ನು ಕರೆಸಿದರು. ತನ್ನ ಟೈರಿನಿಂದ ತೋಟದ ಒಂದು ಬಳ್ಳಿಗೂ ಏಟಾಗಿಲ್ಲ, ಬೇಕಾದರೆ ಬಂದು ನೋಡಿ ಎಂದು ರೈತ ಹೇಳಿದ. ತನ್ನ ಬಕೆಟ್ಟು ಅಷ್ಟು ಎತ್ತರದಿಂದ ಬಿದ್ದರೂ ಸೊಟ್ಟಾಗಿಲ್ಲ ಎಂದು ವ್ಯಾಪಾರಿ ಹೇಳಿದ. ಹಿರಿಯ ಎರಡನ್ನೂ ಹೋಗಿ ನೋಡಿ ಬಂದ. ಇಬ್ಬರ ಮಾತೂ ನಿಜವಾಗಿತ್ತು. ಮುರಿದಿರುವುದು ಮೂರನೆಯ ಕರಾರು ಮಾತ್ರ ಎಂದು ಎಲ್ಲರೂ ಒಪ್ಪಿದರು. ಆದರೂ ಹಿರಿಯ ಕರುಣೆಯುಳ್ಳವನು. ಆಸ್ಪತ್ರೆಯ ಖರ್ಚನ್ನು ಇಬ್ಬರಿಗೂ ಸಮನಾಗಿ ಹಂಚಿದ. ಡ್ರೈವರನ ಬದುಕಿಗೂ ದಾರಿ ಮಾಡಿಕೊಟ್ಟ. ಒಂದು ತಿಂಗಳು ರೈತನ ತೋಟದಲ್ಲಿ ಹಕ್ಕಿ ಕಾಯುವುದು, ಒಂದು ತಿಂಗಳು ವ್ಯಾಪಾರಿಯ ಗೊಬ್ಬರ ಕಾಯುವುದು. ತಿಂಗಳು ತುಂಬಿದ ದಿನ ಅವನು ಹಾಸಿಗೆ ಸುತ್ತಿಕೊಂಡು, ಕೋಲೂರಿಕೊಂಡು ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದ. ನಡೆಯಲು ಸ್ವಲ್ಪ ಕಷ್ಟವಾಗುತ್ತಿತ್ತು. ಹೊಂದಿಕೊಂಡ.

ಟ್ರ್ಯಾಕ್ಟರನ್ನು ಎತ್ತಿ ನಿಲ್ಲಿಸಿದರು. ಹೊಸ ಡ್ರೈವರನನ್ನು ಕರೆತಂದರು. ಅದೇ ಟೈರು, ಅದೇ ಬಕೆಟ್ಟು. ಲಿಂಬೆಹಣ್ಣು ಮಾತ್ರ ಬೇರೆ ತಂದರು.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

ಮಡಿವಾಳಯ್ಯನ ಮುಖ ಕೆಂಪಾಗಿತ್ತು. ಕತೆ ಎಲ್ಲಿ ತನ್ನನ್ನು ಬಿಟ್ಟು ಬೇರೆ ದಾರಿ ಹಿಡಿಯಿತೆಂದು ಅವನಿಗೆ ತಿಳಿಯಲಿಲ್ಲ. ಆದರೆ ಅವನ ಮನಸ್ಸು ಕೆಟ್ಟದ್ದಲ್ಲ. ಅನ್ಯಾಯ ಕಂಡರೆ ಸಿಟ್ಟು ಬರುತ್ತಿತ್ತು. ಅಷ್ಟು ಮೆಚ್ಚಿದ್ದ ಹಿರಿಯನ ಮೇಲೆ ಅಷ್ಟೇ ಸಿಟ್ಟು ಬಂತು.

“ಅಂವ ಎಂಥಾ ಹಿರಿಯಾರಿ, ಅಜ್ಜಾರ,” ಎಂದ. “ಟೈರ್ ಹೆಂಗಿರಬೇಕು ಅಂತ ಇವನ್ನ ಕೇಳಿದ, ಬಕೆಟ್ ಹೆಂಗಿರಬೇಕು ಅಂತ ಅವನ್ನ ಕೇಳಿದ. ದಿನಾ ಬೆಳಗಾದ್ರ ಅದರ ಮ್ಯಾಲ ಕುಂಡ್ರಾಂವ ಡ್ರೈವರ್. ಅವನ್ನ ಕರದು ಒಂದು ಮಾತು ಕೇಳಿದ್ರ ಆ ಹಿರಿಯನ ಗಂಟೇನು ಹೋಗ್ತಿತ್ತು? ಕೇಳೂದು ದೂರ ಉಳೀತು, ಆ ಡ್ರೈವರನ ಹೆಸರರೆ ಅವನಿಗೆ ಗೊತ್ತಿತ್ತೋ ಇಲ್ಲೋ.”

“ಖರೇ,” ಎಂದರು ಗುರುಗಳು. “ಆ ಹುಡುಗಿ ಹೆಸರು ಏನಂದಿ?”

ಮಡಿವಾಳಯ್ಯ ಎರಡೂ ಶಾಲುಗಳೊಳಗೆ ಬೆರಳು ಮಡಿಚುತ್ತ ಗುರಪ್ಪನಿಂದ ಹಿಡಿದು ಬೆಳಗಿನ ಹೆಸರುಗಳನ್ನೆಲ್ಲ ಎಣಿಸಿದ; ಹೋರಿಯ ಹೆಸರಿಗೆ ಬಂದು ಎಣಿಕೆ ಮುಗಿಯಿತು.